ದೊರೆಯ ಹಣೆಯ ಬಿಂದಿ

ಆ ಶನಿವಾರ ಬೆಳಿಗ್ಗೆ ರಾಮದಾಸರು ಎರಡನೇ ಲೋಟ ಕಾಫಿ ಬೇಡ ಅಂದಿದ್ದರೆ ಬಾಲಚಂದ್ರನ ಮನೆಯ ಗೋಡೆ ಬರಿದಾಗುತ್ತಿರಲಿಲ್ಲ. ಆದರೆ ಇನ್ನೊಬ್ಬರ ಮನೆಯ ಕಾಫಿಯನ್ನು ಬೇಡವೆಂದ ಚರಿತ್ರೆ ರಾಮದಾಸರಿಗಿರಲಿಲ್ಲ. ಕುಡಿದರು. ಇನ್ನೊಂದು ಚಕ್ಕುಲಿ ಇದೆಯಾ ಎಂದು ಕೇಳಿ ಅದನ್ನೂ ತಿಂದರು.

ಅವರು ಬಂದದ್ದು ಬೇರೆ ಕೆಲಸಕ್ಕೆ. ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ಕನ್ನಡ ಕೂಟಕ್ಕೆ ಅವರು ಅಧ್ಯಕ್ಷರು. ಅಂದು ಮಧ್ಯಾಹ್ನ ಬಾಡಿಗೆ ಹಾಲ್‌ನಲ್ಲಿ ಕೂಟದ ದಸರಾ ಗೊಂಬೆ ಕೂರಿಸುವ ಕಾರ್ಯಕ್ರಮವಿತ್ತು. ಅದಕ್ಕೆ ಬಾಲಚಂದ್ರನ ಹೆಂಡತಿ ಸುಲೋಚನಾಳ ಪಟ್ಟದ ಗೊಂಬೆಗಳು ಬೇಕಿದ್ದವು. ಅವಳಿದ್ದಾಗ ಆ ಮರದ ರಾಜ, ರಾಣಿ ಪ್ರತಿ ದಸರೆಗೂ ಕೂಟದ ಮೆಟ್ಟಿಲುಗಳ ತುದಿಯಲ್ಲಿ ಕೂರುತ್ತಿದ್ದರು. ಹೋದ ವರ್ಷ ವಸಂತದಲ್ಲಿ ಅವಳು ತೀರಿಕೊಂಡಳು. ಹೋದ ದಸರೆಗೆ ಯಾರೂ ಕೇಳಲಿಲ್ಲ, ಈ ಸಲ ಕೇಳಿದರು. ಬಾಲಚಂದ್ರ ಇಲ್ಲ ಅನ್ನಲಿಲ್ಲ. ಇಲ್ಲ ಅನ್ನುವುದು ಅವನಿಗೆ ಬರುತ್ತಲೇ ಇರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿ ಹೇಳುವುದೇ ಅವನ ಉದ್ಯೋಗ. ಹುಡುಕಿದ ತಪ್ಪನ್ನೂ ಕ್ಷಮೆ ಕೇಳಿಕೊಂಡೇ ಹೇಳುತ್ತಿದ್ದ.

ರಾಮದಾಸರು ಡಬ್ಬ ತೆರೆದು ರಾಜನನ್ನು ಕೈಗೆತ್ತಿಕೊಂಡರು. "ವೆಯ್ಟ್ ನೋಡಯ್ಯ. ಹಳೇ ಕಾಲದ ಮರ," ಎಂದು ತಿರುಗಿಸಿ ನೋಡುತ್ತಿರುವಾಗಲೇ ಎರಡು ಲೋಟ ಕಾಫಿ ತನ್ನ ಕೆಲಸ ಶುರುಮಾಡಿತು. ಅವಸರದಲ್ಲಿ ರಾಜನನ್ನು ಮೇಜಿನ ಅಂಚಿಗಿಟ್ಟು ಎದ್ದರು. ರಾಜ ಕೆಳಗೆ ಬಿದ್ದ. ಕತ್ತಿನಲ್ಲಿ ಮೊದಲೇ ಬಿರುಕಿತ್ತು. ತಲೆ ಸೋಫಾದ ಕೆಳಗೆ ಉರುಳಿಹೋಯಿತು.

"ಛೆ, ಇದನ್ನ ಇಷ್ಟು ಅಂಚಿಗೆ ಇಟ್ಟೋರು ಯಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ರಾಮದಾಸರು ಬಚ್ಚಲುಮನೆಗೆ ಹೋದರು. ಬಾಲಚಂದ್ರ ಮಂಡಿಯೂರಿ ರಾಜನ ತಲೆಯನ್ನು ಹುಡುಕಿ ತೆಗೆದ. ಡಬ್ಬದಲ್ಲಿ ರಾಣಿ ಒಬ್ಬಳೇ ಮಲಗಿದ್ದಳು. ಅವನಿಗೆ ಅದನ್ನು ನೋಡಲಾಗಲಿಲ್ಲ, ಮುಚ್ಚಳ ಹಾಕಿದ.

ಹೊರಗೆ ಬಂದ ರಾಮದಾಸರು ಬಚ್ಚಲುಮನೆಯ ಬಾಗಿಲ ಪಕ್ಕದಲ್ಲೇ ನಿಂತುಬಿಟ್ಟರು.

"ಬಾಲು, ಯಾರಯ್ಯ ಇದು?"

"ಯಾರು ಸರ್?"

"ಈ ಗೋಡೆ ಮೇಲಿರೋನು. ಏನ್ ಗತ್ತು, ಏನ್ ಕಳೆ. ಇಂಗ್ಲೆಂಡ್ ಮಹಾರಾಜ ಇರ್ಬೇಕು. ಗೊಂಬೆ ರಾಜ ಹೋದ್ರೆ ಹೋಗ್ಲಿ ಬಿಡು, ನಿಜವಾದ ರಾಜನೇ ಸಿಕ್ದ."

ಬಾಲಚಂದ್ರನ ಎದೆ ಧಸಕ್ಕೆಂದಿತು.

ಅದು ಇಂಗ್ಲೆಂಡಿನ ಹಳೆಯ ಬಣ್ಣದ ಅಚ್ಚುಚಿತ್ರ. ಜಾರ್ಜ್ ಎಂಬ ಹೆಸರಿನ ರಾಜರು ಒಬ್ಬರ ಹಿಂದೊಬ್ಬರು ಆಳುತ್ತಿದ್ದ ಕಾಲದ್ದು. ಅದರಲ್ಲಿ ಒಬ್ಬ ಡೊಳ್ಳು ಹೊಟ್ಟೆಯ ದೊರೆ ಊಟದ ಮೇಜಿನ ಮುಂದೆ ಕುರ್ಚಿಯಲ್ಲಿ ಕುಸಿದು ಗೊರಕೆ ಹೊಡೆಯುತ್ತಿದ್ದಾನೆ. ಅಂಗಿಯ ಗುಂಡಿಗಳು ಕಿತ್ತು ಹಾರಿವೆ. ತಲೆಯ ಮೇಲಿನ ಬಿಳಿ ಟೋಪನ್ ಒಂದು ಕಣ್ಣಿನ ಮೇಲಕ್ಕೆ ಜಾರಿದೆ. ಬಟ್ಟೆ ಸುತ್ತಿದ ಊದಿದ ಕಾಲು ಸ್ಟೂಲಿನ ಮೇಲಿದೆ. ಕೈಯಲ್ಲಿ ಖಾಲಿ ಗ್ಲಾಸು. ಅವನ ತಟ್ಟೆಯನ್ನು ನಾಯಿ ನೆಕ್ಕುತ್ತಿದೆ. ಆ ಕಾಲದಲ್ಲಿ ತಿಂದು, ಕುಡಿದು, ಜೂಜಾಡಿ ಹಾಳಾದ ದೊಡ್ಡಮನುಷ್ಯರನ್ನು ಆಡಿಕೊಳ್ಳಲು ಇಂಥ ಚಿತ್ರಗಳನ್ನು ಅಚ್ಚುಹಾಕಿ ಮಾರುತ್ತಿದ್ದರಂತೆ. ಸುಲೋಚನಾ ಅದನ್ನು ಇಲ್ಲಿಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡು ತಂದಿದ್ದಳು. ತಂದ ದಿನ ನಕ್ಕೂ ನಕ್ಕೂ ಅವಳಿಗೆ ಬಿಕ್ಕಳಿಕೆ ಬಂದಿತ್ತು.

"ನೋಡ್ರೀ, ಊಟ ಆದ್ಮೇಲೆ ಸಾಹೇಬ್ರು," ಎಂದಿದ್ದಳು.

"ಸುಮ್ನಿರೇ, ರಾಮದಾಸ್ ಅವ್ರಿಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ," ಎಂದಿದ್ದ ಬಾಲಚಂದ್ರ. ಕೂಟದ ಪ್ರತಿ ಸಮಾರಂಭದಲ್ಲೂ ಊಟವಾದ ಮೇಲೆ ರಾಮದಾಸರು ವೇದಿಕೆಯ ಕುರ್ಚಿಯಲ್ಲೇ ನಿದ್ದೆ ಹೋಗುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಕೇಳಿ ಅವಳು ಇನ್ನೂ ಜೋರಾಗಿ ನಕ್ಕು, ದುಪಟ್ಟಾದಿಂದ ಕಣ್ಣೊರೆಸಿಕೊಂಡಿದ್ದಳು. ಅಷ್ಟು ನಗುವಂಥದ್ದೇನು ಹೇಳಿದೆನೋ ಅವನಿಗೆ ತಿಳಿಯಲಿಲ್ಲ. ತನಗೂ ತಮಾಷೆ ಮಾಡಲು ಬರುತ್ತದೆ ಎಂದು ಒಳಗೊಳಗೇ ಖುಷಿಪಟ್ಟಿದ್ದ.

ಆದರೆ ಎದೆ ಧಸಕ್ಕೆಂದದ್ದು ದೊರೆಗಾಗಿ ಅಲ್ಲ. ದೊರೆಯ ಹಣೆಗಾಗಿ. ಸುಲೋಚನಾ ರಾತ್ರಿ ಮುಖ ತೊಳೆಯುವ ಮುಂಚೆ ತನ್ನ ಹಣೆಯ ಬಿಂದಿ ತೆಗೆದು ಆ ಚಿತ್ರದ ಗಾಜಿನ ಮೇಲೆ, ಸರಿಯಾಗಿ ದೊರೆಯ ಹಣೆಗೆ ಬರುವಂತೆ ಅಂಟಿಸುತ್ತಿದ್ದಳು. ಬೆಳಿಗ್ಗೆ ತೆಗೆದು ಇಟ್ಟುಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಹೊರಟ ದಿನವೂ ಅಂಟಿಸಿ, "ಇರ್ಲಿ, ಬಂದ್ಮೇಲೆ ಇಟ್ಕೋತೀನಿ," ಎಂದು ಹೋಗಿದ್ದಳು. ಬರಲಿಲ್ಲ. ಕೆಂಪು ಬಿಂದಿ ಮಾತ್ರ ಅಲ್ಲೇ ಉಳಿದಿತ್ತು. ಅವಳ ಸೀರೆಗಳನ್ನು ಯಾರು ಯಾರೋ ಒಯ್ದರು, ಪಾತ್ರೆಗಳು ಅವನ ಕೈಯಲ್ಲಿ ಸೀದು ಹೋದವು. ಅವಳೇ ತನ್ನ ಬೆರಳಿನಿಂದ ಇಟ್ಟು, ಅವಳು ಇಟ್ಟ ಜಾಗದಲ್ಲೇ ಇದ್ದದ್ದು ಆ ಮನೆಯಲ್ಲಿ ಅದೊಂದೇ. ಅದು ಉದುರೀತೆಂದು ಅವನು ಆ ಗಾಜಿನ ಧೂಳನ್ನೂ ಒರೆಸಿರಲಿಲ್ಲ.

"ಸರ್, ಅದು ರಾಜ ಅಲ್ಲ. ಗೇಲಿ ಚಿತ್ರ. ಅವನು ಕುಡುಕ," ಎಂದ ಬಾಲಚಂದ್ರ.

"ರಾಜರು ಕುಡೀದೆ ನೀನು ಕುಡೀತೀಯಾ?"

"ನಿದ್ದೆ ಮಾಡ್ತಿದಾನೆ ಸರ್."

"ಧ್ಯಾನ ಕಣಯ್ಯ ಅದು."

"ಗಾಜು ಹಳೇದು. ದಾರೀಲಿ ಒಡೆದ್ರೆ…"

"ಸೀಟ್ ಬೆಲ್ಟ್ ಹಾಕಿ ಕೂರಿಸ್ಕೊಂಡು ಹೋಗ್ತೀನಿ, ಸಾಕಾ?" ಎಂದು ರಾಮದಾಸರು ಚಿತ್ರವನ್ನು ಮೊಳೆಯಿಂದ ಇಳಿಸಿಯೇಬಿಟ್ಟರು.

ಸರ್, ಅದರ ಮೇಲೆ ನನ್ನ ಹೆಂಡತಿಯ ಬಿಂದಿ ಇದೆ ಎಂದಿದ್ದರೆ ಮುಗಿಯುತ್ತಿತ್ತು. ರಾಮದಾಸರು ಜಂಬದ ಮನುಷ್ಯರೇ ಹೊರತು ಕೆಟ್ಟವರಲ್ಲ. ಆದರೆ ಅವನು ಹಾಗೆನ್ನಲಿಲ್ಲ. ಐವತ್ತು ದಾಟಿದ ಗಂಡಸು ಬಿಂದಿಯೊಂದನ್ನು ಕಾಯುತ್ತಾ ಕೂತಿದ್ದಾನೆ ಎಂದು ಕೂಟದಲ್ಲಿ ಮಾತಾದರೆ, ಎಲ್ಲರೂ ಅಯ್ಯೋ ಪಾಪ ಎನ್ನುತ್ತಾ ಡಬ್ಬಗಳಲ್ಲಿ ಸಾರು ತಂದುಕೊಡಲು ಶುರುಮಾಡುತ್ತಾರೆ. ಹೋದ ವರ್ಷ ಅದನ್ನು ಉಂಡು ಅವನಿಗೆ ಸಾಕಾಗಿತ್ತು.

ರಾಮದಾಸರು ಹೇಳಿದಂತೆಯೇ ಮಾಡಿದರು. ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ದೊರೆ ಕೂತ. ಹಿಂದಿನ ಸೀಟಿನಲ್ಲಿ ರಾಣಿಯ ಡಬ್ಬ, ಪಾತ್ರೆ, ಜಮಖಾನ. ಬಾಲಚಂದ್ರನಿಗೆ ಜಾಗ ಉಳಿಯಲಿಲ್ಲ.

ಅವನು ಹಳದಿ ಟ್ರಾಮ್ ಹತ್ತಿ ಹೊರಟ. ಟ್ರಾಮ್ ಹತ್ತಿದರೆ ಅವನಿಗೆ ನಿದ್ದೆ ಬರುವುದು ಖಂಡಿತ. ಸುಲೋಚನಾ ಪಕ್ಕದಲ್ಲಿ ಕೂತು, ಇಳಿಯುವ ಜಾಗ ಬಂದಾಗ ಮೊಣಕೈಯಿಂದ ತಿವಿದು "ಏಳ್ರೀ, ನಮ್ ಸ್ಟಾಪ್ ಬಂತು" ಎನ್ನುತ್ತಿದ್ದಳು. ಆ ದಿನ ಮಾತ್ರ ಅವನಿಗೆ ನಿದ್ದೆ ಬರಲಿಲ್ಲ. ಬೆಲ್ಟು ಹಣೆಗೆ ಉಜ್ಜೀತೇ ಎಂಬ ಒಂದೇ ಯೋಚನೆ.

ಹಾಲ್‌ಗೆ ಕಾಲಿಡುತ್ತಲೇ ಲಿಂಗರಾಜ ಎದುರಾಗಿ ಅವನ ತಲೆಗೊಂದು ಮೈಸೂರು ಪೇಟ ಇಟ್ಟ. ಧಾರವಾಡ ಕಡೆಯ ಹುಡುಗ. ಕೂಟದಲ್ಲಿ ಬೆಂಗಳೂರಿನವರ ಹಾಗೆ ಮಾತಾಡಲು ಪ್ರಯತ್ನಪಡುತ್ತಿದ್ದ.

"ಕಮಿಟಿಯವ್ರಿಗೆಲ್ಲಾ ಪೇಟ ಕಂಪಲ್ಸರಿ ಸರ್. ಸೈಜ್ ಒಂದೇ, ಸ್ವಲ್ಪ ಜಾರ್ತದ."

ಪೇಟ ಹುಬ್ಬಿನವರೆಗೆ ಜಾರಿತು. ಅದನ್ನು ಮೇಲಕ್ಕೆತ್ತಿ ನೋಡಿದರೆ ಎದುರಿಗೆ ಗೊಂಬೆಗಳ ಮೆಟ್ಟಿಲು. ಕೆಳಗೆ ಶೆಟ್ಟರ ಅಂಗಡಿ, ಮಕ್ಕಳ ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಕಟ್ಟಿದ ಅರಮನೆ, ಮರದ ಕೆಂಪು ಕುದುರೆಗಳ ಜಂಬೂಸವಾರಿ. ಎಲ್ಲಕ್ಕಿಂತ ಮೇಲೆ ರೇಷ್ಮೆ ಉಟ್ಟ ಸುಲೋಚನಾಳ ರಾಣಿ. ರಾಣಿಯ ಪಕ್ಕದಲ್ಲಿ, ಚೆಂಡುಹೂವಿನ ಹಾರ ಹಾಕಿಕೊಂಡು ಗೊರಕೆ ಹೊಡೆಯುತ್ತಿರುವ ದೊರೆ. ಅಷ್ಟು ದೂರದಿಂದ ಹಣೆ ಕಾಣುತ್ತಿರಲಿಲ್ಲ.

ಲಿಂಗರಾಜ ಕಿವಿಯ ಹತ್ತಿರ ಬಂದ. "ಸರ್, ತಪ್ಪು ತಿಳ್ಕೋಬ್ಯಾಡ್ರಿ. ಆ ಫೋಟೋದಾಗಿರೋರು ನಮ್ಮ ಅಧ್ಯಕ್ಷರಲ್ಲೇನು? ಹೊಟ್ಟಿ ನೋಡ್ರಿ, ಬಾಯಿ ನೋಡ್ರಿ."

"ಶ್, ಹಾಗನ್ಬೇಡಪ್ಪ."

"ನಾ ಒಬ್ಬನೇ ಅಲ್ಲ ಸರ್. ಎಲ್ಲಾರೂ ಅದನ್ನೇ ಅಂತಿದಾರೆ."

ನಿಜವಾಗಿತ್ತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಗಂಡಸರು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ರಾಮದಾಸರು ಮಾತ್ರ ಮೆಟ್ಟಿಲಿನ ಪಕ್ಕ ನಿಂತು ಎಲ್ಲರ ಸಂತೋಷ ಕಂಡು ತಾವೂ ನಗುತ್ತಿದ್ದರು. ಈ ಸಲ ಡೆಕೊರೇಷನ್ ಕ್ಲಿಕ್ ಆಯ್ತು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಎಲ್ಲರೂ ಫೀಕಾ ಎಂಬ ಇಲ್ಲಿಯ ಕಾಫಿ ವಿರಾಮಕ್ಕೆಂದು ಕಾಫಿ, ಬನ್ನುಗಳ ಕಡೆ ತಿರುಗಿದ ಹೊತ್ತು ನೋಡಿ ಬಾಲಚಂದ್ರ ಒಂದು ಕುರ್ಚಿ ಎಳೆದುಕೊಂಡು ಹತ್ತಿದ. ಒಂದು ಕೈ ಮೆಟ್ಟಿಲಿನ ಮೇಲೂರಿ ಇನ್ನೊಂದು ಕೈಯಿಂದ ಪೇಟ ಹಿಡಿದುಕೊಂಡು ಮುಂದಕ್ಕೆ ಬಾಗಿದ. ಜುಬ್ಬಾದ ಹೊಟ್ಟೆಯ ಹತ್ತಿರದ ಗುಂಡಿ ಪಟ್ಟೆಂದು ಕಿತ್ತು ಶೆಟ್ಟರ ಅಂಗಡಿಗೆ ಹೋಗಿ ಬಿತ್ತು. ಮೆಟ್ಟಿಲು ಅಲುಗಾಡಿತು. ಜಂಬೂಸವಾರಿಯ ಎರಡು ಕುದುರೆ ಅರಮನೆಯ ಮೇಲೆ ಉರುಳಿ ಅರಮನೆ ಇಟ್ಟಿಗೆ ಇಟ್ಟಿಗೆಯಾಯಿತು. ಅವನಿಗೆ ಅದ್ಯಾವುದೂ ಕೇಳಿಸಲಿಲ್ಲ. ಗಾಜು ಹೊಳೆಯುತ್ತಿತ್ತು. ದೊರೆಯ ಹಣೆ ಖಾಲಿಯಾಗಿತ್ತು.

ಅವನು ಹಣೆಯ ಮೇಲೆ ಬೆರಳಿಟ್ಟು ಸವರಿದ. ನುಣ್ಣಗಿತ್ತು.

"ಇದನ್ನ ಯಾರು ಒರೆಸಿದ್ದು?" ಎಂದು ಕೇಳಿದ. ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು.

ಕುದುರೆ ಎತ್ತಿಡಲು ಓಡಿಬಂದ ಲಿಂಗರಾಜ ಹೇಳಿದ, "ಪೂಜೆಗೆ ಇಡೋದನ್ನ ಒರೆಸದೆ ಇಡ್ತಾರೇನು ಸರ್? ಒದ್ದೆ ಬಟ್ಟೆ ತಗೊಂಡು ಎಲ್ಲಾ ಥಳಥಳ ಮಾಡಿದಾರೆ ನೋಡ್ರಿ."

ಬಾಲಚಂದ್ರ ಕೆಳಗಿಳಿದ. ಕೈಕಾಲೂರಿ ಮೆಟ್ಟಿಲಿನ ಬಿಳಿ ಬಟ್ಟೆಯ ಕೆಳಗೆ ತಲೆ ಹಾಕಿ ನೆಲದಲ್ಲಿ ಹುಡುಕತೊಡಗಿದ. ಅರಿಶಿನದ ಪುಡಿ, ಹೂವಿನ ಎಸಳು, ಅಕ್ಷತೆ. ಎಲ್ಲಿಯೂ ಕೆಂಪು ಬಿಂದಿ ಇಲ್ಲ. ಒದ್ದೆ ಬಟ್ಟೆಯನ್ನು ಎಲ್ಲಿ ಹಿಂಡಿದರೋ, ಯಾವ ಚರಂಡಿಗೆ ಹೋಯಿತೋ. ಒಂದೂವರೆ ವರ್ಷ ಒಂದು ಬಟ್ಟೆಯೂ ಸೋಕದಂತೆ ಕಾಪಾಡಿದ್ದನ್ನು ಒಂದು ಬೆಳಗಿನ ದಾಕ್ಷಿಣ್ಯಕ್ಕೆ ಕಳೆದುಕೊಂಡೆನಲ್ಲ ಎಂದು ಅವನಿಗೆ ಅಲ್ಲೇ ಆ ಬಟ್ಟೆಯ ಕೆಳಗೆ ಅಳು ಬಂತು.

ಅದೇ ಹೊತ್ತಿಗೆ ಮುಖ್ಯ ಅತಿಥಿ ಬಂದರು. ಗುನಿಲ್ಲಾ ಎಂಬ ಎತ್ತರದ ಬಿಳಿಕೂದಲಿನ ಹೆಂಗಸು. ಮಾಲ್ಮೋದವರು, ಬಹಳ ಕಾಲ ಚಿತ್ರಸಂಗ್ರಹಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಳಗೆ ಬಂದವರಿಗೆ ಮೊದಲು ಕಂಡದ್ದು ಗೊಂಬೆಗಳಲ್ಲ, ಮೆಟ್ಟಿಲಿನ ಕೆಳಗಿಂದ ಹೊರಗೆ ಚಾಚಿದ್ದ ಬಾಲಚಂದ್ರನ ಹಿಂಭಾಗ.

"ಅವ್ರು ನಮಸ್ಕಾರ ಮಾಡ್ತಿದಾರೆ. ನಮ್ಮ ಸಂಪ್ರದಾಯ," ಎಂದು ರಾಮದಾಸರು ಸ್ವಲ್ಪವೂ ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿದರು. ಸಂಪ್ರದಾಯವೆಂದರೆ ಗುನಿಲ್ಲಾ ಅವರಿಗೆ ಗೌರವ. ಕೋಟು ಬಿಚ್ಚಿಟ್ಟು ಅವರೂ ಕಷ್ಟಪಟ್ಟು ಮಂಡಿಯೂರಿ, ಬಟ್ಟೆ ಎತ್ತಿ ಒಳಗೆ ತಲೆ ಹಾಕಿದರು. ಒಳಗೆ ಪೇಟ ಧರಿಸಿದ ಗಂಡಸೊಬ್ಬ ಕಣ್ಣೊರೆಸಿಕೊಳ್ಳುತ್ತಿದ್ದದ್ದನ್ನು ನೋಡಿ, ಎಂಥ ಭಕ್ತಿ ಎಂದುಕೊಂಡು ಮೆಲ್ಲಗೆ ಹಿಂದೆ ಸರಿದರು.

ಭಾಷಣಕ್ಕೆ ನಿಂತಾಗ ಅವರ ಕಣ್ಣು ಮೇಲಿನ ಮೆಟ್ಟಿಲಿಗೆ ಹೋಯಿತು. ಮುಖ ಅರಳಿತು. ಅವರು ಸ್ವೀಡಿಷ್‌ನಲ್ಲಿ ಹೇಳಿದ್ದನ್ನು ಅವಿನಾಶ್ ಎಂಬ ಇಲ್ಲೇ ಬೆಳೆದ ತರುಣ ಮೈಕಿನಲ್ಲಿ ಕನ್ನಡಕ್ಕೆ ತಿರುಗಿಸುತ್ತಾ ಹೋದ. ಅವನ ಕನ್ನಡದಲ್ಲಿ ಬಣ್ಣ ಬಳಿಯುವ ಮಾತುಗಳು ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದ.

"ಮ್ಯಾಡಮ್ ಹೇಳ್ತಾರೆ, ಮೇಲೆ ಇರೋ ಈ ಪಿಕ್ಚರ್ ತುಂಬ ಫನ್ನಿ ಅಂತೆ. ಇದು ರಾಜ ಅಲ್ಲವಂತೆ. ಸೋಮಾರಿ ಶ್ರೀಮಂತ ಅಂತೆ. ತುಂಬ ತಿಂತಾನೆ, ಕುಡೀತಾನೆ, ಕೆಲಸ ಮಾಡಲ್ಲ. ಆಗ ಲಂಡನ್‌ನಲ್ಲಿ ಅಂಗಡಿ ಕಿಟಕೀಲಿ ಇದನ್ನ ಹಾಕ್ತಿದ್ರು, ಜನ ನಿಂತು ನಗ್ತಿದ್ರು. ದೊಡ್ಡವರೂ ಬಂದು ನೋಡಿ ನಗ್ತಿದ್ರಂತೆ. ಯಾಕಂದ್ರೆ ಎಲ್ಲರಿಗೂ ಅದು ಬೇರೆಯವರ ಹಾಗೆ ಕಾಣ್ತಿತ್ತಂತೆ. ತನ್ನ ಹಾಗಿದೆ ಅಂತ ಒಬ್ಬನಿಗೂ ಗೊತ್ತಾಗ್ತಿರಲಿಲ್ಲವಂತೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಸಾಲು ಸಾಲಾಗಿ ಮುಂದಕ್ಕೆ ಬಂದು ವೇದಿಕೆ ತಲುಪಿತು. ಎಲ್ಲರ ಕಣ್ಣೂ ಒಂದು ಸಲ ದೊರೆಯ ಕಡೆ, ಒಂದು ಸಲ ತಮ್ಮ ಕಡೆ ಓಡಾಡುವುದನ್ನು ರಾಮದಾಸರು ನೋಡಿದರು. ಹೊಟ್ಟೆಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದರು. ಅವರ ಮುಖ ಕೆಂಪಾಯಿತು.

"ಬಾಲು, ಇದನ್ನ ನೀನು ಬೇಕಂತಲೇ ಕೊಟ್ಟೆ ಅಲ್ವಾ?" ಎಂದರು ಹಲ್ಲು ಕಚ್ಚಿ.

"ನಾನು ಕೊಡ್ಲಿಲ್ಲ ಸರ್. ನೀವೇ…"

"ಇಪ್ಪತ್ತು ವರ್ಷದ ಸ್ನೇಹಕ್ಕೆ ಒಳ್ಳೆ ಮರ್ಯಾದೆ ಮಾಡ್ದೆ ಕಣಯ್ಯ."

ಆದರೂ ಅಧ್ಯಕ್ಷರು ಅಧ್ಯಕ್ಷರೇ. ಅವಮಾನವನ್ನು ಆದಷ್ಟು ಬೇಗ ಊರ ಹೊರಗೆ ಸಾಗಿಸುವ ದಾರಿ ಅವರಿಗೆ ಹೊಳೆಯಿತು. ಮೈಕ್ ಹಿಡಿದು, ಈ ಅಪರೂಪದ ಚಿತ್ರವನ್ನು ಕೂಟದ ಪರವಾಗಿ ಮುಖ್ಯ ಅತಿಥಿಗಳಿಗೆ ಕಾಣಿಕೆಯಾಗಿ ಕೊಡುತ್ತಿದ್ದೇವೆ ಎಂದು ಘೋಷಿಸಿದರು. ಗುನಿಲ್ಲಾ ಗಾಬರಿಯಾಗಿ, ಇದು ಯಾರದ್ದು, ಅವರಿಗೆ ಒಪ್ಪಿಗೆಯೇ ಎಂದು ಕೇಳಿದರು. ಎಲ್ಲರೂ ಬಾಲಚಂದ್ರನನ್ನು ನೋಡಿದರು.

ಬಿಂದಿ ಹೋದ ಮೇಲೆ ಅದು ಬರೀ ಒಬ್ಬ ಕುಡುಕನ ಚಿತ್ರ. ಗೋಡೆಯ ಮೇಲಿದ್ದರೆ ದಿನವೂ ಆ ಖಾಲಿ ಹಣೆ ನೋಡಬೇಕು. "ತಗೊಂಡು ಹೋಗ್ಲಿ," ಎಂದ ಬಾಲಚಂದ್ರ. ಚಿತ್ರವನ್ನು ಶಲ್ಯದಲ್ಲಿ ಸುತ್ತಿ, ಮೇಲೆ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಕೊಟ್ಟರು. ಊಟಕ್ಕೆ ನಿಲ್ಲಲಾಗದು, ಮಾಲ್ಮೋ ರೈಲಿಗೆ ಹೊತ್ತಾಯಿತು ಎಂದು ಗುನಿಲ್ಲಾ ಎಲ್ಲರಿಗೂ ಕೈ ಮುಗಿದು ಹೊರಟರು. ಅವನು ತಲೆ ಎತ್ತಿ ನೋಡಲಿಲ್ಲ.

ಊಟಕ್ಕೆ ಅವನ ಪಕ್ಕ ಯಾರೂ ಕೂರಲಿಲ್ಲ. ಅಧ್ಯಕ್ಷರ ಸಿಟ್ಟಿಗೆ ಹೆದರಿ, ಅಷ್ಟು ಹೊತ್ತು ನಕ್ಕವರೆಲ್ಲ ಈಗ ಗಂಭೀರವಾಗಿ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಬಾಲಚಂದ್ರ ಬಿಸಿಬೇಳೆಬಾತ್ ಉಂಡ, ಮತ್ತೆ ಹಾಕಿಸಿಕೊಂಡ. ಮೊಸರನ್ನ, ಕೇಸರಿಬಾತ್ ಎಲ್ಲವನ್ನೂ ಉಂಡ. ದುಃಖವಾದಾಗ ಕೆಲವರಿಗೆ ಹಸಿವು ಹೋಗುತ್ತದೆ, ಅವನಿಗೆ ಹೆಚ್ಚಾಗುತ್ತಿತ್ತು. ಬಡಿಸುತ್ತಾ ಬಂದ ರಾಮದಾಸರ ಹೆಂಡತಿ ಇಂದುಮತಿಯವರು ಸೌಟು ಕೆಳಗಿಟ್ಟು ಅವನ ಪಕ್ಕ ಬಂದು ಕೂತರು. ಅವರು ಸುಲೋಚನಾಳ ಹತ್ತಿರದ ಗೆಳತಿ.

"ಬಾಲಣ್ಣ, ಇವ್ರ ಮಾತು ಮನಸ್ಸಿಗೆ ಹಚ್ಕೋಬೇಡಿ."

ಅವನಿಗೆ ನಾಚಿಕೆಯಾಯಿತು. "ತಪ್ಪು ನಮ್ದೇ ಇಂದುಮತಿಯವ್ರೇ. ಮನೇಲಿ ನಾವಿಬ್ರೇ ಇದ್ದಾಗ ಆ ಚಿತ್ರ ನೋಡಿ ರಾಮದಾಸ್ ಅವ್ರ ಹಾಗಿದೆ ಅಂತ ನಗ್ತಿದ್ವಿ. ಸುಲೋಚನಾನೂ ನಗ್ತಿದ್ಲು. ಅವಳ ಪರವಾಗಿಯೂ ಕ್ಷಮೆ ಕೇಳ್ತೀನಿ."

ಇಂದುಮತಿಯವರು ಅವನನ್ನೇ ನೋಡಿದರು. "ಇವ್ರ ಹಾಗಾ? ಸುಲೋಚನಾ ಹಾಗಂದ್ಲಾ?"

"ಬಾಯ್ಬಿಟ್ಟು ಹೇಳ್ಲಿಲ್ಲ. ಆದ್ರೆ ಇನ್ಯಾರ ಹಾಗೆ?"

"ಬಾಲಣ್ಣ, ಅದನ್ನ ಕೊಳ್ಳೋವಾಗ ಅಂಗಡೀಲಿ ನಾನು ಪಕ್ಕದಲ್ಲೇ ಇದ್ದೆ. ಇಂದು, ನೋಡೇ, ನಮ್ಮನೆಯವ್ರು ಇಲ್ಲಿ ಕೂತಿದಾರೆ ಅಂದ್ಲು. ಅದು ನೀವು."

ಇಂದುಮತಿಯವರು ನಗುತ್ತಲೇ ಹೇಳಲು ಶುರುಮಾಡಿದರು.

"ಊಟ ಆದ ತಕ್ಷಣ ಸ್ಟೂಲ್ ಮೇಲೆ ಕಾಲು ಚಾಚಿ ನಿಮ್ಮ ಗೊರಕೆ. ಎಬ್ಬಿಸಿದ್ರೆ ಹೂಂ ಅಂತೀರಂತೆ, ಮತ್ತೆ ನಿದ್ದೆಯಂತೆ. ಮಾತಾಡೋಣ ಅಂದ್ರೆ ಯಾವತ್ತೂ ಸಿಗಲ್ಲ ಕಣೇ, ಅದಕ್ಕೆ ಗೋಡೆ ಮೇಲಿನ ದೊರೆ ಹಣೆಗೆ ಬಿಂದಿ ಅಂಟಿಸಿ, ದಿನದ ಸುದ್ದಿಯೆಲ್ಲಾ ಅವನಿಗೇ ಹೇಳಿ ಮಲಗ್ತೀನಿ ಅಂತಿದ್ಲು. ಬಯ್ದು ಹೇಳ್ತಿರ್ಲಿಲ್ಲ ಬಾಲಣ್ಣ. ನಕ್ಕೊಂಡೇ ಹೇಳ್ತಿದ್ಲು."

ಸುತ್ತ ತಟ್ಟೆ ಲೋಟಗಳ ಸದ್ದು. ಎಷ್ಟು ರಾತ್ರಿ, ಎಷ್ಟು ಸುದ್ದಿ. ಕಡೆಯ ದಿನಗಳಲ್ಲಿ ಆ ದೊರೆಗೆ ಏನು ಹೇಳಿದಳೋ. ನೋವಿನ ಮಾತನ್ನೂ ಅವನಿಗೇ ಮೊದಲು ಹೇಳಿರಬೇಕು. ಬಾಲಚಂದ್ರನಿಗೆ ಗೊತ್ತಾಗುವಷ್ಟರಲ್ಲಿ ಡಾಕ್ಟರಿಗೆ ಗೊತ್ತಾಗಿತ್ತು.

"ಆ ಬಿಂದಿ ಇತ್ತು, ಇಂದುಮತಿಯವ್ರೇ. ಇವತ್ತು ಬೆಳಿಗ್ಗೆವರೆಗೂ ಇತ್ತು. ಯಾರೋ ಒರೆಸಿಬಿಟ್ರು," ಎಂದ. ಮೊದಲ ಸಲ ಆ ಮಾತು ಅವನ ಬಾಯಿಂದ ಹೊರಗೆ ಬಂತು.

"ಒರೆಸಿದ್ದು ನಾನೇ. ಬಿಂದಿ ಬಿಸಾಡ್ತೀನಾ? ಸುಲೋಚನಾದು ಅಂತ ಗೊತ್ತಾಯ್ತು. ಪೂಜೆಗಿಡೋ ಗಂಡಸಿನ ಹಣೇಲಿ ಬಿಂದಿ ನೋಡಿ ಜನ ಆಡ್ಕೋತಾರೆ ಅಂತ ತೆಗ್ದು, ಹಿಂದೆ ನಿಂತಿದಾಳಲ್ಲ, ಆ ಹೆಂಗಸಿನ ಹಣೆಗೆ ಇಟ್ಟೆ."

"ಯಾವ ಹೆಂಗಸು?"

"ಚಿತ್ರದಲ್ಲಿ, ಬಾಗಿಲ ಹತ್ರ. ಮೇಣದಬತ್ತಿ ಹಿಡ್ಕೊಂಡು ನಿಂತಿದಾಳಲ್ಲ, ಅವನ ಹೆಂಡ್ತಿ."

"ಅದ್ರಲ್ಲಿ ಹೆಂಗಸು ಇದಾಳಾ?" ಎಂದ ಬಾಲಚಂದ್ರ.

ಅವನು ಎದ್ದ. ಕೈ ತೊಳೆಯಲಿಲ್ಲ, ಪೇಟ ತೆಗೆಯಲಿಲ್ಲ, ಕೋಟು ಹಾಕಿಕೊಳ್ಳಲಿಲ್ಲ. ಸ್ಟೇಷನ್ನು ಹತ್ತಿರವೇ ಇತ್ತು. ಉಂಡ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗುಂಡಿ ಕಿತ್ತ ಜುಬ್ಬಾ ಹಾರಿಸುತ್ತಾ ಅವನು ಓಡಿದ್ದನ್ನು ಕಂಡು ಎದುರಿಗೆ ಬಂದವರೆಲ್ಲ ದಾರಿ ಬಿಟ್ಟರು.

ರೈಲು ತಡವಾಗಿತ್ತು. ಗುನಿಲ್ಲಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ತೆಂಗಿನಕಾಯಿಯನ್ನು ಪಕ್ಕಕ್ಕಿಟ್ಟು, ಶಲ್ಯ ಬಿಚ್ಚಿ, ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಬಾಲಚಂದ್ರ ಅವರ ಮುಂದೆ ನಿಂತು ಏದುಸಿರು ಬಿಟ್ಟ. ಬರುವ ಸ್ವೀಡಿಷ್ ಎಲ್ಲ ಮರೆತುಹೋಗಿತ್ತು. "ನನ್ನ ಹೆಂಡತಿಯದು," ಎಂದ ಇಂಗ್ಲಿಷಿನಲ್ಲಿ. "ಅವಳಿಲ್ಲ," ಎಂದ. ಅಷ್ಟೇ ಸಾಕಾಯಿತು. ಗುನಿಲ್ಲಾ ಎದ್ದು, ಒಂದು ಮಾತೂ ಕೇಳದೆ ಚಿತ್ರವನ್ನು ಅವನ ಕೈಯಲ್ಲಿಟ್ಟರು.

ಅವನು ಪೇಟ ಮೇಲಕ್ಕೆ ತಳ್ಳಿ ಹುಡುಕಿದ. ಮೂಲೆಯಲ್ಲಿ, ಬಾಗಿಲ ನೆರಳಿನಲ್ಲಿ, ನಿಜವಾಗಿಯೂ ಒಬ್ಬ ಹೆಂಗಸಿದ್ದಳು. ಅವಳ ಹಣೆ ಬರಿದಾಗಿತ್ತು.

"ಇಲ್ಲಿ… ಕೆಂಪಗೆ, ದುಂಡಗೆ…" ಎಂದು ಬೆರಳಿಟ್ಟು ತೋರಿಸಿದ.

"ಓ, ಅದಾ," ಎಂದರು ಗುನಿಲ್ಲಾ ಸಂತೋಷದಿಂದ. ಹಳೆ ಸಾಮಾನಿನ ಅಂಗಡಿಯವರು ಅರ್ಧ ಬೆಲೆಯ ಸಾಮಾನಿಗೆ ಕೆಂಪು ಚೀಟಿ ಹಚ್ಚುತ್ತಾರೆ, ಆ ಪುಟ್ಟ ಹೆಂಗಸಿನ ಮುಖವೇ ಮುಚ್ಚಿಹೋಗುತ್ತಿತ್ತು, ಈಗಷ್ಟೇ ಉಗುರಿನಲ್ಲಿ ಕೆರೆದು ತೆಗೆದೆ, ಗಾಜಿಗೆ ಏನೂ ಆಗಿಲ್ಲ ಎಂದು ಧೈರ್ಯ ಹೇಳಿದರು. ಎಲ್ಲಿ ಹಾಕಿದಿರಿ ಎಂದು ಅವನು ಕೇಳಿದಾಗ ಹಿಂದೆ ಇದ್ದ ಕಸದ ಡಬ್ಬಗಳ ಸಾಲನ್ನು ತೋರಿಸಿದರು. ಕಾಗದಕ್ಕೊಂದು, ಪ್ಲಾಸ್ಟಿಕ್‌ಗೊಂದು, ಉಳಿದದ್ದಕ್ಕೊಂದು. ಒಳ್ಳೆಯ ನಾಗರಿಕರಾದ ಅವರು ತುಂಬ ಯೋಚಿಸಿ, ಪ್ಲಾಸ್ಟಿಕ್‌ಗೆ ಹಾಕಿದೆ ಅನಿಸುತ್ತದೆ ಎಂದರು. ಅಷ್ಟರಲ್ಲಿ ರೈಲು ಬಂತು. ಏನೋ ತಪ್ಪು ಮಾಡಿದೆ ಎಂದು ತಿಳಿದು, ಯಾವ ತಪ್ಪೆಂದು ತಿಳಿಯದೆ, ಕಿಟಕಿಯಿಂದ ಕೈ ಬೀಸುತ್ತಾ ಹೋದರು.

ಬಾಲಚಂದ್ರ ಚಿತ್ರವನ್ನು ಬೆಂಚಿಗೆ ಒರಗಿಸಿ ಪ್ಲಾಸ್ಟಿಕ್ ಡಬ್ಬದೊಳಗೆ ತಲೆ ಹಾಕಿದ. ಆಮೇಲೆ ಕಾಗದದ್ದು. ಆಮೇಲೆ ಉಳಿದದ್ದು. ಎಷ್ಟೋ ಹೊತ್ತಿನ ಮೇಲೆ ಯಾರೋ ಬೆನ್ನು ತಟ್ಟಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಮನುಷ್ಯ, ಕಷ್ಟದಲ್ಲಿರುವವರು ಇಲ್ಲಿ ಕಸದಿಂದ ಖಾಲಿ ಕ್ಯಾನ್ ಹೆಕ್ಕಿ ಅಂಗಡಿಗೆ ವಾಪಸು ಕೊಟ್ಟು ಕಾಸು ಮಾಡಿಕೊಳ್ಳುವುದನ್ನು ಕಂಡವನು, ತಾನು ಕುಡಿದು ಮುಗಿಸಿದ ಕ್ಯಾನ್ ಅನ್ನು ಮರ್ಯಾದೆಯಿಂದ ಅವನ ಮುಂದೆ ಹಿಡಿದ. ಇಲ್ಲ ಅನ್ನುವುದು ಬಾಲಚಂದ್ರನಿಗೆ ಬರುತ್ತಿರಲಿಲ್ಲ. "ತಾಕ್," ಎಂದು ಸ್ವೀಡಿಷ್‌ನಲ್ಲಿ ಥ್ಯಾಂಕ್ಸ್ ಹೇಳಿ ತೆಗೆದುಕೊಂಡ.

ಟ್ರಾಮಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಓಡಿದ್ದಕ್ಕೆ ಮಂಡಿ ಊದಿತ್ತು, ಎದುರಿನ ಖಾಲಿ ಸೀಟಿನ ಮೇಲೆ ಕಾಲು ಚಾಚಿದ. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಮೇಣದಬತ್ತಿ ಹಿಡಿದವಳನ್ನು ನೋಡಿದ. ಅವಳಿಗೆ ಕೋಪವಿರಲಿಲ್ಲ. ಅವನು ಎದ್ದರೆ ಏನೋ ಹೇಳಬೇಕೆಂದು ನಿಂತಂತಿತ್ತು. ಮನೆ ತಲುಪುವವರೆಗೂ ಅವಳ ಮುಖದಿಂದ ಕಣ್ಣು ತೆಗೆಯುವುದಿಲ್ಲ, ಇಂದು ರಾತ್ರಿ ಅವಳ ಮುಂದೆ ಕೂತು ದಿನದ ಸುದ್ದಿಯೆಲ್ಲ ಹೇಳುತ್ತೇನೆ ಎಂದು ಬಾಲಚಂದ್ರ ನಿಶ್ಚಯ ಮಾಡಿಕೊಂಡ. ಮನಸ್ಸು ತುಂಬಿ ಬಂದಿತ್ತು. ಬಿಸಿಬೇಳೆಬಾತ್‌ನಿಂದ ಹೊಟ್ಟೆಯೂ ತುಂಬಿತ್ತು. ಟ್ರಾಮ್ ತೊಟ್ಟಿಲಿನಂತೆ ತೂಗುತ್ತಿತ್ತು.

ಮುಂದಿನ ನಿಲ್ದಾಣದಲ್ಲಿ ಹತ್ತಿದವರು ಅವನನ್ನು ನೋಡಿ, ಅವನ ತೊಡೆಯ ಮೇಲಿದ್ದ ಚಿತ್ರವನ್ನು ನೋಡಿ, ಮತ್ತೆ ಅವನನ್ನು ನೋಡಿ ನಗು ತಡೆದುಕೊಂಡರು. ಪೇಟ ಒಂದು ಕಣ್ಣಿನ ಮೇಲಕ್ಕೆ ಜಾರಿತ್ತು. ಹೊಟ್ಟೆಯ ಗುಂಡಿ ಕಿತ್ತಿತ್ತು. ಕೈಯಲ್ಲಿ ಖಾಲಿ ಕ್ಯಾನ್ ಇತ್ತು.

ಬಾಲಚಂದ್ರ ಇಳಿಯಬೇಕಾದ ಸ್ಟಾಪ್ ಬಂತು. ಬಾಗಿಲು ತೆರೆಯಿತು, ಸ್ವಲ್ಪ ಹೊತ್ತು ತೆರೆದೇ ಇತ್ತು. ಯಾರೂ ಅವನನ್ನು ಎಬ್ಬಿಸಲಿಲ್ಲ.